ನೆಟ್ ಒಂದೇ, ಆಟ ಹಲವು

ಶಾಲೆ ಶುರುವಾಗಿ ಮಳೆ ಹಿಡಿಯುವ ಹೊತ್ತಿಗೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಹೈಸ್ಕೂಲು ಮೈದಾನಗಳಲ್ಲಿ ಸುಣ್ಣದ ಗೆರೆಗಳು ಏಳುತ್ತವೆ. ವಲಯ, ತಾಲ್ಲೂಕು, ಜಿಲ್ಲೆ, ಅಲ್ಲಿ ಗೆದ್ದರೆ ಕಲಬುರಗಿ ವಿಭಾಗ. ಕ್ರೀಡಾಕೂಟದ ಈ ಮೆಟ್ಟಿಲು ಹತ್ತಬೇಕಾದ ಹನ್ನೆರಡು ಮಕ್ಕಳಿಗೆ ವಾಲಿಬಾಲ್ ಸಿಗುತ್ತದೆ. ಉಳಿದವರು ಗೆರೆಯಾಚೆ ಕೂತು, ಹೊರಗೆ ಬಿದ್ದ ಚೆಂಡನ್ನು ತಂದುಕೊಡುತ್ತಾರೆ. ಅವರನ್ನೂ ಒಳಗೆ ಕರೆಯುವ ದಾರಿ ಈ ಆಟದ ಚರಿತ್ರೆಯಲ್ಲೇ ಇದೆ.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಹೋಲಿಯೋಕ್ ಊರಿನ ವೈ.ಎಂ.ಸಿ.ಎ.ಯಲ್ಲಿ ದೈಹಿಕ ಶಿಕ್ಷಣ ನೋಡಿಕೊಳ್ಳುತ್ತಿದ್ದವರು ವಿಲಿಯಂ ಮಾರ್ಗನ್. ನಾಲ್ಕು ವರ್ಷದ ಹಿಂದಷ್ಟೇ ಹುಟ್ಟಿದ್ದ ಬ್ಯಾಸ್ಕೆಟ್‌ಬಾಲ್‌ನ ಓಟ, ನೂಕಾಟ ತಮ್ಮಲ್ಲಿಗೆ ಬರುವ ನಡುವಯಸ್ಸಿನವರಿಗೆ ಒಗ್ಗುವುದಿಲ್ಲ ಎಂದು ಅವರಿಗೆ ಅನ್ನಿಸಿತು. 1895ರಲ್ಲಿ ಟೆನಿಸ್ ನೆಟ್ಟನ್ನು ಆರೂವರೆ ಅಡಿ ಎತ್ತರಕ್ಕೆ ಕಟ್ಟಿ ಹೊಸ ಆಟ ಹೂಡಿದರು. ಆಗ ಆಟಗಾರರು ಇಷ್ಟೇ ಇರಬೇಕೆಂಬ ಕಟ್ಟಳೆ ಇರಲಿಲ್ಲ. ಎಷ್ಟು ಸಲ ಮುಟ್ಟಿಯಾದರೂ ಚೆಂಡನ್ನು ಆಚೆ ದಾಟಿಸಬಹುದಿತ್ತು. ಚೆಂಡನ್ನು ಎತ್ತಿಕೊಟ್ಟು ಸ್ಮ್ಯಾಶ್ ಹೊಡೆಯುವ ಕಲೆ ಬೆಳೆದದ್ದು 1916ರ ಸುಮಾರಿಗೆ ಫಿಲಿಪ್ಪೀನ್ಸ್‌ನಲ್ಲಿ. 1918ರಲ್ಲಿ ಆರು ಜನ, 1920ರಲ್ಲಿ ಮೂರು ಮುಟ್ಟು ಎಂಬ ಮಿತಿ ಬಂದವು. ಸರ್ವ್ ಮಾಡಿದವರಿಗಷ್ಟೇ ಅಂಕ ಎಂಬ ಹಳೆಯ ಲೆಕ್ಕವನ್ನು ಕೈಬಿಡಲು ವಿಶ್ವ ಒಕ್ಕೂಟ ತೀರ್ಮಾನಿಸಿದ್ದು 1998ರಲ್ಲಿ.

ನಮ್ಮ ಹೆಣ್ಣುಮಕ್ಕಳ ಅಚ್ಚುಮೆಚ್ಚಿನ ಥ್ರೋಬಾಲ್ ಬಂದ ದಾರಿಯೂ ಇಂಥದ್ದೇ. ಮಾರ್ಗನ್ ನೆಟ್ ಕಟ್ಟಿದ 1895ರಲ್ಲೇ ನ್ಯೂ ಆರ್ಲಿಯನ್ಸ್‌ನ ನ್ಯೂಕಾಂಬ್ ಮಹಿಳಾ ಕಾಲೇಜಿನಲ್ಲಿ ಕ್ಲಾರಾ ಬೇರ್ ಎಂಬ ಶಿಕ್ಷಕಿ, ಚೆಂಡನ್ನು ಹೊಡೆಯದೆ ಹಿಡಿದು ಎಸೆಯುವ ಆಟವೊಂದನ್ನು ರೂಪಿಸಿದ್ದರು. ಅದನ್ನೇ ಹೋಲುವ ಥ್ರೋಬಾಲ್ 1940ರ ದಶಕದಲ್ಲಿ ಮದರಾಸಿನ ವೈ.ಎಂ.ಸಿ.ಎ. ಮೂಲಕ ಹೆಂಗಸರ ಆಟವಾಗಿ ಬೆಳೆದು, 50ರ ದಶಕದಲ್ಲಿ ಬೆಂಗಳೂರಿಗೆ ಬಂತು. ಒಂದು ಕಡೆಗೆ ಏಳು ಜನ; ಹಿಡಿದ ಚೆಂಡನ್ನು ಮೂರು ಸೆಕೆಂಡಿನೊಳಗೆ ಭುಜದ ಮೇಲಿಂದ ಒಂದೇ ಕೈಯಲ್ಲಿ ಎಸೆಯಬೇಕು. ಇಂದು ಕರ್ನಾಟಕದ ಶಾಲಾ ಕ್ರೀಡಾಕೂಟಗಳಲ್ಲಿ ಕಬಡ್ಡಿ, ಕೊಕ್ಕೊ, ವಾಲಿಬಾಲ್‌ಗಳ ಸಾಲಿನಲ್ಲೇ ಅದಕ್ಕೂ ಜಾಗವಿದೆ.

ದೊಡ್ಡವರು ಇಷ್ಟೆಲ್ಲ ಬದಲಿಸಿರುವಾಗ ಶಾಲೆಯ ಅಂಗಳದಲ್ಲಿ ಯಾಕೆ ಬದಲಿಸಬಾರದು? ಎಂಟನೇ ತರಗತಿಯ ಹೊಸಬರಿಗೆ ಮೊದಲ ಚೆಂಡನ್ನು ಹಿಡಿಯಲು ಬಿಡಿ; ಲಿಫ್ಟ್ ಮತ್ತು ಸ್ಮ್ಯಾಶ್ ಮಾತ್ರ ನಿಯಮದಂತಿರಲಿ. ಮುಂಗೈ ಉರಿಯುತ್ತದೆ ಎಂದು ಹಿಂದೆ ಸರಿಯುವ ಮಕ್ಕಳು ಹೀಗೆ ಆಟಕ್ಕೆ ಇಳಿಯುತ್ತಾರೆ. ಜರ್ಮನಿಯಲ್ಲಿ ಬೆಳೆದ ಮುಷ್ಟಿ ಚೆಂಡಾಟದಲ್ಲಿ ಇರುವಂತೆ, ಚೆಂಡು ನೆಲಕ್ಕೆ ಒಮ್ಮೆ ಪುಟಿದ ಮೇಲೂ ಆಡಲು ಅವಕಾಶ ಕೊಡಬಹುದು. ಮಸಾರಿ ನೆಲದ ಗಟ್ಟಿ ಮೈದಾನಕ್ಕೆ ಇದು ಹೇಳಿಮಾಡಿಸಿದ ಆಟ. ಬಿರುಕು ಬಿಟ್ಟ ಎರೆ ನೆಲದಲ್ಲಿ ಚೆಂಡು ಎತ್ತ ಪುಟಿದೀತೋ ಹೇಳಲಾಗದು, ಅಲ್ಲಿ ಬೇಡ.

ನೆಟ್ಟಿನ ಮೇಲೆ ಕೌದಿಯನ್ನೋ ಜಮಖಾನೆಯನ್ನೋ ಇಳಿಬಿಟ್ಟರೆ ಇನ್ನೊಂದು ಆಟ ಸಿದ್ಧ. ಎದುರಾಳಿ ಕಾಣುವುದಿಲ್ಲ, ಚೆಂಡು ತಟ್ಟನೆ ಮೇಲಿಂದ ಬರುತ್ತದೆ. ಜೊತೆಗಾರರು ‘ನಂದು, ನಂದು’ ಎಂದು ಕೂಗಿ ಹೇಳಲೇಬೇಕಾಗುತ್ತದೆ. ಅಂಕಣದಲ್ಲಿ ಮಾತಾಡಿಕೊಂಡು ಆಡುವ ಪಾಠ ತಾನಾಗಿ ಬರುತ್ತದೆ. ಐವತ್ತು ಮಕ್ಕಳ ತರಗತಿಗಾದರೆ ಮೂರು ಮೂರು ಜನರ ತಂಡ ಮಾಡಿ. ಸೋತವರು ಸಾಲಿನ ಕೊನೆಗೆ, ಗೆದ್ದವರು ಅಂಕಣದಲ್ಲೇ, ಒಂದೊಂದು ಅಂಕಕ್ಕೂ ಹೊಸ ತಂಡ ಒಳಗೆ. ಹೀಗೆ ಆಡಿದರೆ ಒಂದೇ ಪೀರಿಯಡ್‌ನಲ್ಲಿ ಎಲ್ಲರ ಕೈಗೂ ಚೆಂಡು ಸಿಗುತ್ತದೆ. ಬೆಂಗಳೂರು ಟಾರ್ಪಿಡೋಸ್ ಆಡುವ ಪ್ರೈಮ್ ವಾಲಿಬಾಲ್ ಲೀಗ್‌ನಲ್ಲೂ ಸೆಟ್ಟಿಗೆ 25ರ ಬದಲು 15 ಅಂಕ. ‘ಸೂಪರ್ ಪಾಯಿಂಟ್’ ಕರೆದರೆ ಆ ಅಂಕ ಗೆದ್ದವರಿಗೆ ಎರಡು. ಟಿವಿಯಲ್ಲಿ ನೋಡಿದ್ದನ್ನು ಮಕ್ಕಳು ಮರುದಿನವೇ ಆಡಿ ನೋಡಬಹುದು.

ಇವೆಲ್ಲಕ್ಕಿಂತ ಮುಖ್ಯವಾದದ್ದು ಕೂತು ಆಡುವ ವಾಲಿಬಾಲ್. 1956ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಶುರುವಾದ ಈ ಆಟ 1980ರಿಂದ ಪ್ಯಾರಾಲಿಂಪಿಕ್ಸ್‌ನಲ್ಲಿದೆ. ಅಂಕಣ 10 ಮೀಟರ್ ಉದ್ದ, 6 ಮೀಟರ್ ಅಗಲ. ನೆಟ್ಟಿನ ಎತ್ತರ ಗಂಡಸರಿಗೆ 1.15 ಮೀಟರ್, ಹೆಂಗಸರಿಗೆ 1.05 ಮೀಟರ್. ಚೆಂಡು ಆಡುವಾಗ ಕುಂಡೆ ನೆಲ ಬಿಡಬಾರದು. ಶಾಲೆಯ ಹಗ್ಗವೊಂದನ್ನು ಎದೆಮಟ್ಟಕ್ಕಿಂತ ಕೆಳಗೆ ಕಟ್ಟಿದರೆ ಸಾಕು. ಕಾಲಿಗೆ ತೊಂದರೆಯಿರುವ ಗೆಳೆಯನೋ ಗೆಳತಿಯೋ ಅಲ್ಲಿ ಅಂಕ ಬರೆಯುವ ಕೆಲಸಕ್ಕಲ್ಲ, ಸರ್ವ್ ಮಾಡಲು ಬರುತ್ತಾರೆ. ಜಿಗಿತದಲ್ಲಿ ಮೆರೆಯುವ ಹುಡುಗ ಇಲ್ಲಿ ಕೈಚಳಕವನ್ನು ಅವರಿಂದಲೇ ಕಲಿಯಬೇಕಾದೀತು.

ಇದರಿಂದ ಆಯ್ಕೆಯ ತಂಡಕ್ಕೆ ನಷ್ಟವೇನೂ ಇಲ್ಲ. ಹೆಚ್ಚು ಮಕ್ಕಳು ಚೆಂಡು ಮುಟ್ಟಿದಷ್ಟೂ ಮುಂದಿನ ವರ್ಷ ಆರಿಸಲು ಹೆಚ್ಚು ಮಕ್ಕಳು ಸಿಗುತ್ತಾರೆ. ದೈಹಿಕ ಶಿಕ್ಷಕರು ವಾರದಲ್ಲಿ ಒಂದು ಪೀರಿಯಡ್ ಆಯ್ಕೆಯ ಚಿಂತೆ ಬಿಟ್ಟು, ಅಂದಿನ ನಿಯಮ ಏನಿರಬೇಕೆಂದು ಮಕ್ಕಳನ್ನೇ ಕೇಳಲಿ. ಆಗ ಎಲ್ಲಕ್ಕಿಂತ ಮೊದಲು ಗೆರೆಯಾಚೆ ಕೂತವರ ಮಾತು ಕೇಳಲಿ. ಆಡಲಾಗದವರ ಕಷ್ಟವನ್ನು ಒಬ್ಬರು ಗಮನಿಸಿದ್ದರಿಂದಲೇ ವಾಲಿಬಾಲ್ ಹುಟ್ಟಿತು.