ತಾಲ್ಲೂಕಿಗೆ ಬಂದ ಸೇವಾ ಕ್ಲಬ್ಬುಗಳು

ಜುಲೈ ಬಂತೆಂದರೆ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಪದಗ್ರಹಣ ಸುದ್ದಿಗಳ ಸುಗ್ಗಿ. ಹೆಗಲಿಗೆ ಶಾಲು, ಕೈಯಲ್ಲಿ ಹೂಗುಚ್ಛ, ಅಕ್ಕಪಕ್ಕದಲ್ಲಿ ಕಾರ್ಯದರ್ಶಿ, ಖಜಾಂಚಿ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಓದುಗರಿಗೆ ಈ ಚಿತ್ರ ಚಿರಪರಿಚಿತ. ರೋಟರಿ ಮತ್ತು ಲಯನ್ಸ್ ಸಂಸ್ಥೆಗಳ ವರ್ಷ ಜುಲೈ 1ಕ್ಕೆ ಆರಂಭವಾಗಿ ಜೂನ್ 30ಕ್ಕೆ ಮುಗಿಯುವುದೇ ಇದಕ್ಕೆ ಕಾರಣ. ಆದರೆ ಈ ಕ್ಲಬ್ಬುಗಳು ಎಲ್ಲಿ ಹುಟ್ಟಿದವು, ಸದಸ್ಯರಾಗುವವರು ಯಾರು, ಅವುಗಳ ಸೇವೆಯಲ್ಲಿ ಊರಿಗೆ ಉಳಿಯುವುದೆಷ್ಟು ಎಂಬುದು ಹೆಚ್ಚು ಜನರಿಗೆ ಗೊತ್ತಿಲ್ಲ.

ಸರದಿಯಿಂದ ಬಂದ ಹೆಸರು

1905ರ ಫೆಬ್ರುವರಿ 23ರಂದು ಅಮೆರಿಕದ ಷಿಕಾಗೋದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಪರಿಚಿತರೊಡನೆ ಸಭೆ ಸೇರಿದರು. ಸಣ್ಣ ಊರಿನಲ್ಲಿ ಬೆಳೆದ ಅವರಿಗೆ ಮಹಾನಗರದಲ್ಲಿ ಸ್ನೇಹಿತರ ಒಂದು ಬಳಗ ಬೇಕಿತ್ತು. ಸದಸ್ಯರ ಕಚೇರಿಗಳಲ್ಲಿ ಸರದಿಯಂತೆ ಸಭೆ ನಡೆಯುತ್ತಿದ್ದುದರಿಂದ 'ರೋಟರಿ' ಎಂಬ ಹೆಸರು ಬಂತು. ಆರಂಭದಲ್ಲಿ ಸದಸ್ಯರು ಒಬ್ಬರಿಗೊಬ್ಬರು ವ್ಯಾಪಾರ ಒದಗಿಸಿಕೊಳ್ಳುವುದೂ ಇತ್ತು, ಸೇವೆ ಆಮೇಲಿನದು. ನಗರದಲ್ಲಿ ಸಾರ್ವಜನಿಕ ಶೌಚಾಲಯ ಕಟ್ಟಿಸಲು ನಡೆಸಿದ ಯತ್ನವೇ ಅವರ ಮೊದಲ ಸಾರ್ವಜನಿಕ ಕೆಲಸ.

ಅದೇ ನಗರದ ವಿಮಾ ವ್ಯವಹಾರಸ್ಥ ಮೆಲ್ವಿನ್ ಜೋನ್ಸ್ ಅವರ ಯತ್ನದಿಂದ 1917ರಲ್ಲಿ ಲಯನ್ಸ್ ಸಂಸ್ಥೆ ರೂಪುಗೊಂಡಿತು. ರೋಟರಿ 1919ರಲ್ಲಿ ಕಲ್ಕತ್ತೆಗೆ, 1934ರಲ್ಲಿ ಬೆಂಗಳೂರಿಗೆ ಬಂತು. ಲಯನ್ಸ್ ಭಾರತಕ್ಕೆ ಕಾಲಿಟ್ಟದ್ದು 1956ರಲ್ಲಿ. ಮಹಾನಗರದ ಹೋಟೆಲುಗಳಲ್ಲಿ ನಡೆಯುತ್ತಿದ್ದ ಸಭೆ ಕ್ರಮೇಣ ತಾಲ್ಲೂಕು ಕೇಂದ್ರಗಳಿಗೂ ಇಳಿಯಿತು.

ಕಣ್ಣಿನ ಕೆಲಸ

ಲಯನ್ಸ್ ಎಂದೊಡನೆ ಜನ ನೆನೆಯುವುದು ನೇತ್ರ ಚಿಕಿತ್ಸಾ ಶಿಬಿರವನ್ನು. 1925ರ ಲಯನ್ಸ್ ಸಮಾವೇಶದಲ್ಲಿ ಅಂಧರ ನೆರವಿಗೆ ನಿಲ್ಲುವಂತೆ ಹೆಲೆನ್ ಕೆಲರ್ ಮಾಡಿದ ಮನವಿಯೇ ಇದರ ಮೂಲ. ಕರ್ನಾಟಕದಲ್ಲಿ ಈ ಶಿಬಿರಗಳಿಗೆ ಜನಮನ್ನಣೆ ತಂದವರಲ್ಲಿ ಡಾ. ಎಂ.ಸಿ. ಮೋದಿ ಪ್ರಮುಖರು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಪಡೆದ ಅವರು ಊರೂರು ಸುತ್ತಿ ಸಾಮೂಹಿಕ ಶಸ್ತ್ರಚಿಕಿತ್ಸೆ ನಡೆಸಿದರು.

ಇಂಥ ಶಿಬಿರಕ್ಕೆ ವೈದ್ಯರಷ್ಟೇ ಸಾಲದು. ಹಳ್ಳಿಗಳಲ್ಲಿ ಪ್ರಚಾರ ಮಾಡಬೇಕು, ರೋಗಿಗಳನ್ನು ಕರೆತರಬೇಕು, ಊಟ, ಹಾಸಿಗೆ, ಕನ್ನಡಕ ಒದಗಿಸಬೇಕು. ಸ್ಥಳೀಯ ಸಂಘಸಂಸ್ಥೆಗಳ ಪಾಲು ಇದೇ. ಹಿಂದೆ ಶಾಲೆಯ ಕೊಠಡಿ, ಛತ್ರಗಳಲ್ಲೇ ಪೊರೆ ತೆಗೆಯುತ್ತಿದ್ದರು. ಕಣ್ಣಿನೊಳಗೆ ಮಸೂರ ಕೂರಿಸುವ ವಿಧಾನ ಬಂದ ಮೇಲೆ, ಸೋಂಕಿನ ಭಯವೂ ಸೇರಿ, ಪದ್ಧತಿ ಬದಲಾಯಿತು. ಈಗ ಶಿಬಿರದಲ್ಲಿ ತಪಾಸಣೆ, ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ. ರೋಗಿಯನ್ನು ಬಸ್ಸಿನಲ್ಲಿ ಕರೆದೊಯ್ದು ವಾಪಸು ಮನೆ ಮುಟ್ಟಿಸುವುದೇ ಕ್ಲಬ್ಬಿನ ದೊಡ್ಡ ಹೊಣೆ.

ರೋಟರಿಯ ಹೆಸರು ಅಂಟಿಕೊಂಡಿರುವುದು ಪೋಲಿಯೊ ಹನಿಗೆ. ಸಂಸ್ಥೆ 1985ರಲ್ಲಿ ಪೋಲಿಯೊ ನಿರ್ಮೂಲನೆಯ ಕಾರ್ಯಕ್ರಮ ಕೈಗೆತ್ತಿಕೊಂಡಿತು. ಭಾರತದಲ್ಲಿ 1995ರಲ್ಲಿ ಪಲ್ಸ್ ಪೋಲಿಯೊ ಆರಂಭವಾದಾಗ ಹನಿ ಹಾಕುವ ಹೊಣೆ ಸರ್ಕಾರದ್ದು. ಪ್ರಚಾರ, ಸ್ವಯಂಸೇವಕರು, ಹಣದ ನೆರವಿನಲ್ಲಿ ರೋಟರಿ ಕೈಜೋಡಿಸಿತು. 2011ರ ಜನವರಿಯ ನಂತರ ದೇಶದಲ್ಲಿ ಕಾಡು ಪೋಲಿಯೊ ಪ್ರಕರಣ ಕಂಡುಬರಲಿಲ್ಲ. 2014ರ ಮಾರ್ಚ್ 27ರಂದು ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ದೊರೆಯಿತು.

ಒಳಗಿರುವವರು, ಹೊರಗಿರುವವರು

ಈ ಕ್ಲಬ್ಬುಗಳಿಗೆ ಅರ್ಜಿ ಹಾಕಿ ಸೇರುವುದು ವಾಡಿಕೆಯಲ್ಲ. ಸದಸ್ಯರೊಬ್ಬರು ಹೆಸರು ಸೂಚಿಸಬೇಕು. ಒಂದು ವೃತ್ತಿಗೆ ಒಬ್ಬರೇ ಎಂಬುದು ರೋಟರಿಯ ಹಳೆಯ ನಿಯಮ; ಅದು ಮುಂದೆ ಸಡಿಲವಾಯಿತು. ವೈದ್ಯರು, ವಕೀಲರು, ವರ್ತಕರು ಒಂದೆಡೆ ಸೇರಲಿ ಎಂಬುದು ಅದರ ಆಶಯ. ಆದರೆ ಮಗ್ಗಗಳ ಊರಾದ ದೊಡ್ಡಬಳ್ಳಾಪುರದಲ್ಲಿ ಮಗ್ಗದ ಮಾಲೀಕನಿಗೆ ಈ ಬಾಗಿಲು ತೆರೆದಷ್ಟು ಸುಲಭವಾಗಿ ಕೂಲಿ ನೇಕಾರನಿಗೆ ತೆರೆಯುವಂತಿಲ್ಲ. ವಾರ್ಷಿಕ ಶುಲ್ಕವಿದೆ, ಸಭೆಯ ಊಟದ ಖರ್ಚಿದೆ. ಸೇವೆ ಪಡೆಯುವವರು ಒಂದು ಸಾಲು, ಸೇವೆ ಮಾಡುವವರು ಇನ್ನೊಂದು ಸಾಲು ಎಂಬ ಟೀಕೆಗೆ ಇದೇ ಆಧಾರ.

ಮಹಿಳೆಯರೂ ಬಹುಕಾಲ ಹೊರಗೇ ಉಳಿದಿದ್ದರು. 1924ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ರೋಟರಿ ಸದಸ್ಯರ ಪತ್ನಿಯರು ಆರಂಭಿಸಿದ ಇನ್ನರ್ ವೀಲ್ ಪ್ರತ್ಯೇಕ ಸಂಸ್ಥೆಯಾಗಿ ಬೆಳೆಯಿತು. ಕ್ಯಾಲಿಫೋರ್ನಿಯಾದ ಡುವಾರ್ಟೆ ಕ್ಲಬ್ ಮಹಿಳೆಯರನ್ನು ಸೇರಿಸಿಕೊಂಡದ್ದಕ್ಕೆ ಮಾನ್ಯತೆ ಕಳೆದುಕೊಂಡು ನ್ಯಾಯಾಲಯದ ಮೆಟ್ಟಿಲೇರಿತು. 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದರ ಪರ ತೀರ್ಪಿತ್ತಿತು. ಲಯನ್ಸ್ ಅದೇ ವರ್ಷ, ರೋಟರಿ 1989ರಲ್ಲಿ ಜಗತ್ತಿನೆಲ್ಲೆಡೆ ಮಹಿಳೆಯರಿಗೆ ಸದಸ್ಯತ್ವ ತೆರೆದವು.

ಒಂದು ವರ್ಷದ ಗಾದಿ

ಅಧ್ಯಕ್ಷಗಿರಿ ಸಾಮಾನ್ಯವಾಗಿ ಒಂದು ವರ್ಷದ್ದು. ಯಾರೊಬ್ಬರೂ ಕ್ಲಬ್ಬನ್ನು ಸ್ವಂತದ್ದಾಗಿ ಮಾಡಿಕೊಳ್ಳಲಾಗದು ಎಂಬುದು ಇದರ ಲಾಭ. ಪ್ರತಿ ಅಧ್ಯಕ್ಷರೂ ತಮ್ಮ ಹೆಸರಿನ ಹೊಸ ಕೆಲಸ ಹುಡುಕುವುದು ಇದರ ನಷ್ಟ. ಒಬ್ಬರು ನೆಟ್ಟ ಸಸಿಗೆ ಮುಂದಿನವರು ನೀರೆರೆಯಬೇಕಲ್ಲ!

2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಈ ಭಾಗದ ಊರುಗಳ ಚಹರೆಯೇ ಬದಲಾಗಿದೆ. ಹೊಲ ಮಾರಿದವರು, ಮನೆ ಕಟ್ಟಿದವರು, ಬಾಡಿಗೆಗೆ ಬಂದವರು ಒಬ್ಬರನ್ನೊಬ್ಬರು ಅರಿಯದೆ ಅಕ್ಕಪಕ್ಕದಲ್ಲಿ ಬಾಳುತ್ತಿದ್ದಾರೆ. ಇಂಥ ಕಡೆ ನಾಲ್ಕು ಜನ ಕೂಡಿ ಊರಿನ ಮಾತಾಡುವ ಜಾಗಕ್ಕೆ ಬೆಲೆ ಇದೆ. ಆ ಜಾಗದಲ್ಲಿ ನೇಕಾರನಿಗೂ ಒಂದು ಕುರ್ಚಿ ಸಿಕ್ಕರೆ, ಹಿಂದಿನ ವರ್ಷ ಕಣ್ಣು ತಪಾಸಣೆ ಮಾಡಿಸಿಕೊಂಡವರ ಪಟ್ಟಿ ಈ ವರ್ಷದ ಅಧ್ಯಕ್ಷರ ಮೇಜಿನ ಮೇಲೂ ಇದ್ದರೆ, ಸೇವೆ ಎಂಬ ಮಾತಿಗೆ ತೂಕ ಬರುತ್ತದೆ.