ಚಿಂದಿ ಆಯುವವರಿಗೊಂದು ಚೀಟಿ

ಬೆಂಗಳೂರಿನ ಬಡಾವಣೆಗಳಲ್ಲಿ ಹಾಲಿನವನಿಗಿಂತ ಮೊದಲೇ ಬೀದಿಗಿಳಿಯುವ ಜನವರ್ಗವೊಂದುಂಟು. ಹೆಗಲಿಗೆ ದೊಡ್ಡದೊಂದು ಚೀಲವನ್ನು ಇಳಿಬಿಟ್ಟು, ಮೂಲೆಮೂಲೆಯ ಕಸದ ರಾಶಿಯನ್ನು ಕೆದಕಿ, ಇತರರು ಬಿಸುಟುದರಲ್ಲಿ ಬೆಲೆ ಬಾಳುವುದನ್ನು ಆರಿಸಿಕೊಂಡು ಹೋಗುವ ಇವರನ್ನು ನಗರವು ಬಹುಕಾಲ ಕಂಡೂ ಕಾಣದಂತೆ ಇದ್ದಿತು. ಕಂಡಾಗಲಾದರೂ ಸಂಶಯದ ಕಣ್ಣಿನಿಂದಲೇ! ಬೀದಿಯಲ್ಲೊಂದು ತಾಮ್ರದ ತಂಬಿಗೆ ಕಾಣೆಯಾದರೆ ಮೊದಲ ಪ್ರಶ್ನೆ ಇವರಿಗೆ. ‘ಚಿಂದಿ ಆಯುವವರು’ ಎಂಬುದು ಇವರಿಗೆ ಸಂದ ಹೆಸರು. ಅದು ಅನ್ವರ್ಥನಾಮವೆಂದೂ ಹೇಳುವಂತಿಲ್ಲ. ಇವರ ಚೀಲದಲ್ಲಿ ಚಿಂದಿಬಟ್ಟೆಯ ಪಾಲು ಅತ್ಯಲ್ಪ.

ಆಯುವುದೆಂದರೆ ಕೈಗೆ ಸಿಕ್ಕಿದ್ದನ್ನು ತುಂಬಿಕೊಳ್ಳುವುದೆಂದು ಭಾವಿಸಬಾರದು. ಅದೊಂದು ವಿದ್ಯೆ. ಪ್ಲಾಸ್ಟಿಕ್ ಎಂದು ಓದುಬಲ್ಲವರು ಒಂದೇ ಮಾತಿನಲ್ಲಿ ಮುಗಿಸಿಬಿಡುವ ವಸ್ತು ಇವರ ಪಾಲಿಗೆ ಹತ್ತಾರು ಬಗೆ. ನೀರಿನ ಬಾಟಲಿಯ ಜಾತಿ ಬೇರೆ, ಅದರ ಮುಚ್ಚಳದ ಜಾತಿ ಬೇರೆ. ಹಾಲಿನ ಕವರಿನದು ಒಂದು ದರ, ಒಡೆದ ಬಕೀಟಿನದು ಇನ್ನೊಂದು. ಒಂದೊಂದೂ ಬೇರೆ ಬೇರೆ ಉಷ್ಣತೆಯಲ್ಲಿ ಕರಗತಕ್ಕದ್ದು. ಬೆರೆತುಹೋದರೆ ಎರಡೂ ಕೆಡುತ್ತವೆ. ಆದುದರಿಂದ ಹಿಸುಕಿ ನೋಡಿ, ಬೆರಳಿನಿಂದ ಮೀಟಿ, ಕೆಲವೊಮ್ಮೆ ಶಬ್ದವನ್ನೇ ಆಲಿಸಿ ಇವರು ಬಗೆಯನ್ನು ಗುರುತಿಸುತ್ತಾರೆ. ಹೀಗೆ ಬೇರ್ಪಟ್ಟ ಬಾಟಲಿ ಗುಜರಿ ಅಂಗಡಿಯನ್ನು ದಾಟಿ, ಚೂರುಚೂರಾಗಿ ತೊಳೆಯಲ್ಪಟ್ಟು, ಕೊನೆಗೆ ಪಾಲಿಯೆಸ್ಟರ್ ನೂಲಾಗುವುದುಂಟು. ರಟ್ಟಿನ ಪೆಟ್ಟಿಗೆ ಕಾಗದದ ಗಿರಣಿಯಲ್ಲಿ ನೆನೆದು ಮತ್ತೆ ತಿರುಳಾಗುತ್ತದೆ. ಬಿಸ್ಕತ್ತಿನ ಹೊದಿಕೆಯನ್ನು ಮಾತ್ರ ಇವರು ಮುಟ್ಟುವುದಿಲ್ಲ. ಸೋಮಾರಿತನದಿಂದಲ್ಲ, ಪ್ಲಾಸ್ಟಿಕ್ಕಿನ ಪದರಗಳೂ ಲೋಹದ ಲೇಪವೂ ಅಂಟಿಕೊಂಡಿರುವ ಆ ಹೊದಿಕೆಯನ್ನು ಬಿಡಿಸುವುದು ಕಷ್ಟ, ಕೊಳ್ಳುವವರಿಲ್ಲ. ಅದನ್ನು ತಯಾರಿಸಿದ ಪಂಡಿತರಿಗೇ ತೋಚದ ಉಪಾಯವನ್ನು ಬೀದಿಯ ಹೆಂಗಸಿನಿಂದ ನಿರೀಕ್ಷಿಸುವುದು ನ್ಯಾಯವಲ್ಲ.

ಈ ವಿದ್ಯೆಗೆ ಮೊದಲು ಮನ್ನಣೆ ದೊರೆತದ್ದು ಒಂದು ಸಣ್ಣ ಚೀಟಿಯ ರೂಪದಲ್ಲಿ. ಚಿಂದಿ ಆಯುವವರನ್ನು ಸಂಘಟಿಸಲು ಕೆಲವರು ಮುಂದೆ ಬಂದರು. ವಿಷಯವು ಲೋಕ ಅದಾಲತ್ತಿನ ಮುಂದೆ ಬಂದಿತು. 2011ರಲ್ಲಿ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಇವರಿಗೆ ಗುರುತಿನ ಚೀಟಿ ಕೊಡಲಾರಂಭಿಸಿತು. ಈ ಕಾರ್ಯದಲ್ಲಿ ತೊಡಗಿದ ಸಂಸ್ಥೆಗೆ ‘ಹಸಿರು ದಳ’ವೆಂದು ಹೆಸರು. ದಳವೆಂದರೆ ಎಲೆಯೂ ಹೌದು, ಪಡೆಯೂ ಹೌದು. ಹೆಸರಿಟ್ಟವರು ರಸಿಕರೇ ಇರಬೇಕು.

ಚೀಟಿಯಿಂದ ಹೊಟ್ಟೆ ತುಂಬೀತೆ ಎಂದು ಕೇಳಬಹುದು. ನಿಜ, ತುಂಬದು. ಆದರೆ ನಸುಕಿನ ನಾಲ್ಕು ಗಂಟೆಗೆ ಗಸ್ತಿನ ಪೋಲೀಸಿನವನು ತಡೆದು ನಿಲ್ಲಿಸಿದಾಗ, ತನ್ನ ಭಾವಚಿತ್ರವನ್ನೂ ನಗರದ ಹೆಸರನ್ನೂ ಹೊತ್ತ ಒಂದು ಕಾಗದವನ್ನು ತೆಗೆದು ತೋರಿಸಬಲ್ಲವಳಿಗೂ, ಬರಿಗೈಯಲ್ಲಿ ತಲೆ ತಗ್ಗಿಸಿ ನಿಲ್ಲುವವಳಿಗೂ ಇರುವ ಅಂತರವನ್ನು ಬೆಚ್ಚಗೆ ಮಲಗಿರುವವರು ಊಹಿಸಲಾರರು. ಬಾಡಿಗೆಯ ಚೀಟಿಯಾಗಲಿ, ಶಾಲೆಯ ದಾಖಲೆಯಾಗಲಿ ಇಲ್ಲದವರಿಗೆ ಬದುಕಿನಲ್ಲಿ ಮೊದಲ ಬಾರಿಗೆ ಬಂದ ಸಾಕ್ಷ್ಯವದು.

ನಗರಕ್ಕೆ ಇವರ ಅಗತ್ಯ ಮನದಟ್ಟಾದದ್ದು ಮರುವರ್ಷ. 2012ರಲ್ಲಿ ಮಾವಳ್ಳಿಪುರದ ಕಸದ ಗುಡ್ಡೆಯ ಬಾಗಿಲು ಮುಚ್ಚಿತು. ಲಾರಿಗಳಿಗೆ ಹೋಗಲು ಎಡೆಯಿಲ್ಲದೆ ಬೀದಿಬೀದಿಗಳಲ್ಲಿ ಕಸ ಕೊಳೆಯತೊಡಗಿ, ಉದ್ಯಾನನಗರಿಯೆಂಬ ಬಿರುದು ನಗೆಗೀಡಾಯಿತು. ಹೊರೆಯೆಲ್ಲ ಮಂಡೂರಿನ ಮೇಲೆ ಬಿದ್ದಿತು. ಅಲ್ಲಿನ ಗ್ರಾಮಸ್ಥರು ದುರ್ಗಂಧವನ್ನೂ ಕೆಟ್ಟ ನೀರನ್ನೂ ಸಹಿಸಿ ಸಾಕಾಗಿ 2014ರಲ್ಲಿ ದಾರಿಗೆ ಅಡ್ಡ ನಿಂತರು; ಆ ವರ್ಷದ ಕೊನೆಗೆ ಅಲ್ಲಿಗೂ ಲಾರಿ ನಿಂತಿತು. ಆಗ ತಿಳಿಯಿತು, ಕಸವನ್ನು ಊರಾಚೆಗೆ ತಳ್ಳಿದ ಮಾತ್ರಕ್ಕೆ ಅದು ಇಲ್ಲವಾಗುವುದಿಲ್ಲವೆಂದು. ಹಸಿ ಕಸ, ಒಣ ಕಸ, ಆರೋಗ್ಯಕ್ಕೆ ಅಪಾಯಕರವಾದ ಕಸ ಎಂದು ಮನೆಯಲ್ಲಿಯೇ ವಿಂಗಡಿಸಬೇಕೆಂದೂ, ಅದಕ್ಕಾಗಿ ಎರಡು ಬುಟ್ಟಿ ಒಂದು ಚೀಲವಿರಬೇಕೆಂದೂ 2015ರ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯ ಆಜ್ಞಾಪಿಸಿತು. 2016ರ ಕೇಂದ್ರದ ನಿಯಮಗಳಲ್ಲಿ ‘ತ್ಯಾಜ್ಯ ಆಯುವವರು’ ಯಾರೆಂಬ ವಿವರಣೆಯೇ ಸೇರಿತು.

ಇಷ್ಟರಲ್ಲಿ ವಾರ್ಡುಗಳಲ್ಲಿ ಒಣ ಕಸದ ಸಂಗ್ರಹಣ ಕೇಂದ್ರಗಳು ಎದ್ದಿದ್ದವು. ಅವುಗಳಲ್ಲಿ ಹಲವನ್ನು ನಡೆಸಲು ಕೈಗೆತ್ತಿಕೊಂಡವರು ನಿನ್ನೆಯವರೆಗೆ ಬೀದಿಯಲ್ಲಿ ಆಯುತ್ತಿದ್ದವರೇ. ತಗಡಿನ ಮಾಡಿನ ಕೆಳಗೆ ತೂಕದ ಯಂತ್ರ, ಲೆಕ್ಕದ ಪುಸ್ತಕ, ಸಾಲಾಗಿ ಪೇರಿಸಿದ ಮೂಟೆಗಳು. ಸಹಿಗೆ ಬದಲು ಹೆಬ್ಬೆಟ್ಟೊತ್ತುತ್ತಿದ್ದ ಕೈ ಕೂಲಿಯವರಿಗೆ ಸಂಬಳ ಎಣಿಸಿಕೊಡುವುದನ್ನು ಕಂಡರೆ ಯಾರಿಗಾದರೂ ಸಂತೋಷವಾಗದಿರದು.

ಆದರೂ ಹೊಗಳಿಕೆಯಲ್ಲಿ ಮೈಮರೆಯುವಂತಿಲ್ಲ. ಕಚ್ಚಾ ತೈಲ ಅಗ್ಗವಾದರೆ ಹೊಸ ಪ್ಲಾಸ್ಟಿಕ್ಕೂ ಅಗ್ಗ. ಆಗ ಹಳೆಯದರ ದರ ಕುಸಿದು, ದಿನವಿಡೀ ದುಡಿದ ಚೀಲಕ್ಕೆ ಅರ್ಧ ಕೂಲಿಯೂ ಹುಟ್ಟದು. ಕಸವನ್ನು ಒತ್ತಿ ಒಯ್ಯುವ ದೊಡ್ಡ ಲಾರಿಗಳು ಬಂದಲ್ಲಿ ಆಯುವುದಕ್ಕೆ ಏನೂ ಉಳಿಯುವುದಿಲ್ಲ. ಚೀಟಿ ಕೊಟ್ಟ ಪಾಲಿಕೆಯೇ 2025ರಲ್ಲಿ ಐದು ನಗರಪಾಲಿಕೆಗಳಾಗಿ ಒಡೆಯಿತು. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಒಡೆದ ಗಾಜು ಇಂದಿಗೂ ಸುತ್ತು ಕಾಗದವಿಲ್ಲದೆ, ನಿನ್ನೆಯ ಹುಳಿಯನ್ನದ ಜೊತೆಯಲ್ಲಿಯೇ ಬುಟ್ಟಿ ಸೇರುತ್ತಿದೆ. ಕೈಗವಸು ಹಾಕಿಕೊಂಡರೆ ಬೆರಳಿಗೆ ಪ್ಲಾಸ್ಟಿಕ್ಕಿನ ಬಗೆ ತಿಳಿಯದು. ಆದುದರಿಂದ ಅನೇಕರು ಅದನ್ನು ಕಳಚಿ ಸೊಂಟಕ್ಕೆ ಸಿಕ್ಕಿಸಿಕೊಂಡೇ ಕೆಲಸಕ್ಕೆ ಕೂರುತ್ತಾರೆ.