ಮ್ಯೂನಿಕ್ಕೋ, ಆಖೆನ್ನೋ? ಖಾತೆ ಪುಸ್ತಕ ತೆಗೀರಿ ಯಜಮಾನ್ರೇ!

ದಾವಣಗೆರೆ: ಮಗ ಫಾರಿನ್‌ಗೆ ಹೋಗ್ತಾನಂತೆ ಎಂಬ ಸುದ್ದಿ ಒಂದು ಕಾಲಕ್ಕೆ ಮಂಡಿಪೇಟೆಯಲ್ಲಿ ವಾರವಿಡೀ ಓಡುತ್ತಿತ್ತು. ಈಗ ಯಾರೂ ತಲೆ ಎತ್ತಿ ನೋಡುವುದಿಲ್ಲ. ಮೆಕ್ಯಾನಿಕಲ್ ಮುಗಿಸಿದವನ ಬಾಯಲ್ಲೂ ಜರ್ಮನಿ, ಎಲೆಕ್ಟ್ರಿಕಲ್ ಮುಗಿಸಿದವಳ ಬಾಯಲ್ಲೂ ಜರ್ಮನಿ. ಯಾಕಪ್ಪಾ ಅಂದ್ರೆ ಉತ್ತರ ಒಂದೇ: "ಅಲ್ಲಿ ಫೀಸೇ ಇಲ್ವಂತೆ!"

ಈ 'ಅಂತೆ'ಯಲ್ಲೇ ಇದೆ ಎಲ್ಲ ಎಡವಟ್ಟು.

ಒಂದು ಅಂಗಡಿ ಮನೆ ಎಂದಿಟ್ಟುಕೊಳ್ಳಿ. ಮಗನಿಗೆ ಎರಡು ಕಡೆಯಿಂದ ಸೀಟು ಬಂದಿದೆ. ಒಂದು ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ, 1868ರದ್ದು. ಇನ್ನೊಂದು ಆಖೆನ್ ಪಟ್ಟಣದ ಆರ್‌ಡಬ್ಲ್ಯೂಟಿಎಚ್, 1870ರದ್ದು. ಎರಡೂ ಸರ್ಕಾರದ್ದೇ. ಎರಡಕ್ಕೂ ಅಲ್ಲಿನ ಕಾರ್ಖಾನೆಗಳಲ್ಲಿ ಮರ್ಯಾದೆ ಉಂಟು. ಮಗ ಮ್ಯೂನಿಕ್ ಅಂತಾನೆ. ತಂದೆ ಕೇಳೋದು ಒಂದೇ ಮಾತು: "ಅಲ್ಲಪ್ಪ, ಎರಡೂ ಸರ್ಕಾರದ್ದೇ ಅಂದ್ಮೇಲೆ ಇದಕ್ಯಾಕೆ ಇಷ್ಟು ದುಡ್ಡು?"

ಪ್ರಶ್ನೆ ಸರಿಯಾಗೇ ಇದೆ.

ರಾಜ್ಯಕ್ಕೊಂದು ಕಾನೂನು

ನಮ್ಮಲ್ಲಿ ಬಸ್ ಚಾರ್ಜು ರಾಜ್ಯಕ್ಕೊಂದು ಥರ ಇದ್ದ ಹಾಗೆ ಜರ್ಮನಿಯಲ್ಲಿ ವಿಶ್ವವಿದ್ಯಾಲಯಗಳೂ ರಾಜ್ಯಗಳ ಕೈಯಲ್ಲಿವೆ. ಮ್ಯೂನಿಕ್ ಇರೋದು ಬವೇರಿಯಾದಲ್ಲಿ. ಅಲ್ಲಿ 2023ರಲ್ಲಿ ಜಾರಿಗೆ ಬಂದ ಹೊಸ ಕಾಯ್ದೆ ಹೊರದೇಶದ ವಿದ್ಯಾರ್ಥಿಗಳಿಂದ ಫೀ ವಸೂಲಿಗೆ ದಾರಿ ಮಾಡಿಕೊಟ್ಟಿತು. 2024ರ ಚಳಿಗಾಲದ ಸೆಮಿಸ್ಟರಿನಿಂದ ಮ್ಯೂನಿಕ್‌ನವರು ಅದನ್ನು ಶುರು ಮಾಡಿದರು. ಯೂರೋಪಿನ ಆಚೆಯಿಂದ ಹೊಸದಾಗಿ ಸೇರುವವರು ಮಾಸ್ಟರ್ ಡಿಗ್ರಿಗೆ ಕೋರ್ಸು ನೋಡಿಕೊಂಡು ಸೆಮಿಸ್ಟರಿಗೆ 4,000 ಇಲ್ಲವೇ 6,000 ಯೂರೋ ಕಟ್ಟಬೇಕು.

ಆಖೆನ್ ಇರುವ ನಾರ್ತ್ ರೈನ್-ವೆಸ್ಟ್‌ಫಾಲಿಯಾ ರಾಜ್ಯ 2011ರಲ್ಲೇ ಫೀ ತೆಗೆದು ಹಾಕಿತು. ಅಲ್ಲಿ ಸೆಮಿಸ್ಟರಿಗೆ ಕಟ್ಟೋದು ಸುಮಾರು 300 ಯೂರೋ ವಂತಿಗೆ ಮಾತ್ರ. ಅದರಲ್ಲೇ ಬಸ್ಸು, ಲೋಕಲ್ ರೈಲಿನ ಪಾಸೂ ಬರುತ್ತದೆ. ಮ್ಯೂನಿಕ್‌ನಲ್ಲಿ ಪಾಸಿಗೆ ಬೇರೆ ದುಡ್ಡು. ದಿನಾ ಪಾಸ್ ತೋರಿಸಿ ಬಸ್ ಹತ್ತುವವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಜಮಾ-ಖರ್ಚು ಹೀಗಿದೆ

ಲೆಕ್ಕಕ್ಕೆ ಸುಲಭ ಆಗಲಿ, ಒಂದು ಯೂರೋಗೆ ನೂರು ರೂಪಾಯಿ ಹಿಡಿಯಿರಿ.

ಎಲ್ಲಿಗೇ ಹೋಗಲಿ, ವೀಸಾ ಬೇಕಾದರೆ ಒಂದು ವರ್ಷದ ಹೊಟ್ಟೆಪಾಡಿನ ದುಡ್ಡನ್ನು ಮೊದಲೇ 'ಬ್ಲಾಕ್ಡ್ ಅಕೌಂಟ್' ಎಂಬ ಖಾತೆಯಲ್ಲಿ ಇಡಬೇಕು. 2024ರ ಸೆಪ್ಟೆಂಬರಿನಲ್ಲಿ ನಿಗದಿಯಾದ ಮೊತ್ತ 11,904 ಯೂರೋ. ಅಂದ್ರೆ ಹನ್ನೆರಡು ಲಕ್ಷದ ಹತ್ತಿರ. ದುಡ್ಡು ನಿಮ್ಮದೇ, ಆದರೆ ಕೈಗೆ ಬರೋದು ತಿಂಗಳಿಗೆ 992 ಯೂರೋ ಮಾತ್ರ. ಎರಡು ವರ್ಷಕ್ಕೆ ಇದೇ ದರದಲ್ಲಿ ಹಾಕಿದರೆ 24 ಲಕ್ಷ.

ಇದರ ಮೇಲೆ ಆಖೆನ್‌ಗೆ ನಾಲ್ಕು ಸೆಮಿಸ್ಟರಿನ ವಂತಿಗೆ ಒಂದೂಕಾಲು ಲಕ್ಷದ ಒಳಗೆ. ಒಟ್ಟು 25 ಲಕ್ಷ ಚಿಲ್ಲರೆ. ಮ್ಯೂನಿಕ್‌ಗೆ ಫೀ ಒಂದೇ 16ರಿಂದ 24 ಲಕ್ಷ. ಒಟ್ಟು 40 ಲಕ್ಷದಿಂದ 48 ಲಕ್ಷ! ವಿಮಾನದ ಟಿಕೆಟ್ಟು, ಸ್ವೆಟರು ಇನ್ನೂ ಸೇರಿಲ್ಲ.

ಏಳೂವರೆ ಲಕ್ಷ ದಾಟಿದ ಸಾಲಕ್ಕೆ ಬ್ಯಾಂಕಿನವರು ಸಾಮಾನ್ಯವಾಗಿ ಆಸ್ತಿ ಆಧಾರ ಕೇಳುತ್ತಾರೆ. ಅಲ್ಲಿಗೆ ಮನೆಯ ಪತ್ರವೋ, ಮಗಳ ಮದುವೆಗೆ ಅಂತ ತೆಗೆದಿಟ್ಟ ಸೈಟೋ ಮ್ಯಾನೇಜರ ಮೇಜಿನ ಮೇಲೆ ಕೂರುತ್ತದೆ. ಹುಡುಗ ಹಾರುತ್ತಾನೆ, ಪತ್ರ ಬ್ಯಾಂಕಿನಲ್ಲಿ ಉಳಿಯುತ್ತದೆ.

ಬಾಡಿಗೆ ಎಂಬ ಹೆಬ್ಬಾವು

ಮ್ಯೂನಿಕ್ ಜರ್ಮನಿಯಲ್ಲೇ ದುಬಾರಿ ಊರು. ಹಂಚಿಕೊಂಡ ಮನೆಯಲ್ಲಿ ಒಂದು ಕೋಣೆಗೇ ತಿಂಗಳಿಗೆ ಸರಾಸರಿ 800 ಯೂರೋ ಹತ್ತಿರ ಬೀಳುತ್ತದೆ ಎಂಬುದು 2024ರ ಲೆಕ್ಕ. ಕಡ್ಡಾಯದ ಆರೋಗ್ಯ ವಿಮೆಗೆ ಸುಮಾರು 140. ತಿಂಗಳಿಗೆ ಬಿಡುಗಡೆಯಾಗುವ 992ರಲ್ಲಿ ಇವೆರಡನ್ನೂ ಕಳೆಯಿರಿ. ಉಳಿದದ್ದು ಐವತ್ತು ಚಿಲ್ಲರೆ. ಅದರಲ್ಲಿ ಅನ್ನವೋ, ಪುಸ್ತಕವೋ? ಅಗ್ಗದ ವಿದ್ಯಾರ್ಥಿ ಹಾಸ್ಟೆಲ್ ಇಲ್ಲ ಅಂತಲ್ಲ, ಅದರ ಮುಂದೆ ತಿಂಗಳುಗಟ್ಟಲೆ ಕಾಯುವ ಕ್ಯೂ ಇದೆ. ಆಖೆನ್ ಬೆಲ್ಜಿಯಂ, ನೆದರ್‌ಲ್ಯಾಂಡ್ಸ್ ಗಡಿಗೆ ಅಂಟಿಕೊಂಡ ಚಿಕ್ಕ ಊರು. ಬಾಡಿಗೆ ಬಹಳ ಕಡಿಮೆ.

"ಪಾರ್ಟ್‌ಟೈಮ್ ಮಾಡ್ತೀನಿ ಬಿಡಿ ಅಪ್ಪಾಜಿ" ಅಂತಾನೆ ಮಗ. ಮಾಡಲಿ. 2024ರ ಮಾರ್ಚ್‌ನಿಂದ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ದುಡಿಯಲು ಅನುಮತಿ ಇದೆ. ಹೊಟ್ಟೆಗೆ ಬಟ್ಟೆಗೆ ಆಗುತ್ತದೆ. ಸೆಮಿಸ್ಟರಿಗೆ ಆರು ಸಾವಿರ ಯೂರೋ ಫೀ ಅದರಿಂದಲೇ ಹುಟ್ಟುತ್ತದೆ ಎಂದು ನಂಬಿ ವಿಮಾನ ಹತ್ತಬಾರದು.

ಹೆಸರಿಗೆ ಬೆಲೆ ಇಲ್ಲವೇ?

ಇದೆ, ಯಾಕಿಲ್ಲ? 2025ರ ಕ್ಯೂಎಸ್ ಪಟ್ಟಿಯಲ್ಲಿ ಮ್ಯೂನಿಕ್ ಜಗತ್ತಿಗೇ 28ನೆಯದು, ಆಖೆನ್ ನೂರರ ಆಸುಪಾಸು. ಬಿಎಂಡಬ್ಲ್ಯೂ, ಸೀಮೆನ್ಸ್ ಕಂಪನಿಗಳ ಮುಖ್ಯ ಕಚೇರಿ ಮ್ಯೂನಿಕ್‌ನಲ್ಲೇ ಇವೆ. ಕಂಪ್ಯೂಟರ್ ಓದುವವನಿಗೆ ಆ ಊರಿನ ಗಾಳಿಯೇ ಒಂದು ಲಾಭ. ಆದರೆ ಮೆಕ್ಯಾನಿಕಲ್ ಹುಡುಗನಿಗೆ ಆಖೆನ್ ಎರಡನೇ ದರ್ಜೆಯದಲ್ಲ. ಅಲ್ಲಿನ ಯಂತ್ರೋಪಕರಣ ಪ್ರಯೋಗಶಾಲೆ 1906ರಿಂದ ನಡೆಯುತ್ತಿದೆ. ಒಟ್ಟು ಪಟ್ಟಿಯ ನಂಬರು ಇಡೀ ವಿಶ್ವವಿದ್ಯಾಲಯದ್ದು. ಹುಡುಗ ಓದುವುದು ಒಂದು ವಿಭಾಗದಲ್ಲಿ.

ಹಾಗಂತ ಆಖೆನ್ ಅಂದಕೂಡಲೇ ಪುಕ್ಕಟೆ ಎಂದು ಕುಣಿಯುವುದೂ ತಪ್ಪು. ಅಲ್ಲೇ 'ಇಂಟರ್‌ನ್ಯಾಷನಲ್ ಅಕಾಡೆಮಿ' ಮೂಲಕ ನಡೆಯುವ ಇಂಗ್ಲಿಷ್ ಎಂ.ಎಸ್ಸಿ. ಕೋರ್ಸುಗಳಿವೆ. ಅವಕ್ಕೆ ಜಬರ್‌ದಸ್ತ್ ಫೀ! ಮ್ಯೂನಿಕ್‌ನಲ್ಲಿ ಅರ್ಹರಿಗೆ ಫೀ ವಿನಾಯಿತಿ, ವಿದ್ಯಾರ್ಥಿವೇತನ ಉಂಟು. ಪತ್ರದಲ್ಲಿ ಊರಿನ ಹೆಸರು ಓದಿ ಮಡಚಿಟ್ಟರೆ ಸಾಲದು, ಕೋರ್ಸಿನ ಹೆಸರನ್ನೂ ಓದಬೇಕು.

ಪರೀಕ್ಷೆಯ ಕಾನೂನೂ ಬೇರೆ ಬೇರೆ. ಆಖೆನ್‌ನಲ್ಲಿ ಒಂದು ವಿಷಯಕ್ಕೆ ಸಾಮಾನ್ಯವಾಗಿ ಮೂರೇ ಅವಕಾಶ. ಕಡ್ಡಾಯ ವಿಷಯದಲ್ಲಿ ಮೂರೂ ಹೋದರೆ ಕೋರ್ಸಿನಿಂದಲೇ ಹೊರಗೆ. ಮ್ಯೂನಿಕ್‌ನಲ್ಲಿ ಇಂತಿಷ್ಟು ಸೆಮಿಸ್ಟರಿನೊಳಗೆ ಇಂತಿಷ್ಟು ಕ್ರೆಡಿಟ್ ಗಳಿಸಲೇಬೇಕು. ಎರಡು ವರ್ಷದ ಕೋರ್ಸು ಎರಡೂವರೆಗೆ ಹೋಗೋದು ಅಲ್ಲಿ ಹೊಸದಲ್ಲ. ಹಾಗೆ ಹೋದರೆ ಮ್ಯೂನಿಕ್‌ನಲ್ಲಿ ಇನ್ನೊಂದು ಸೆಮಿಸ್ಟರ್ ಫೀ, ಅಂದ್ರೆ ಇನ್ನೂ ನಾಲ್ಕರಿಂದ ಆರು ಲಕ್ಷ. ಅಂದಹಾಗೆ, ಅಲ್ಲಿ ಮಾರ್ಕ್ಸ್ ಉಲ್ಟಾ: ಒಂದು ಬಂದರೆ ಬಂಗಾರ, ನಾಲ್ಕು ಬಂದರೆ ಜಸ್ಟ್ ಪಾಸು. "ನಾಲ್ಕು ಬಂತು" ಅಂತ ಮಗ ಫೋನ್ ಮಾಡಿದರೆ ಪೇಡೆ ಹಂಚಬೇಡಿ.

ದಲ್ಲಾಳಿ ಯಾಕೆ?

ಎರಡೂ ಕಡೆಗೆ ವಿದ್ಯಾರ್ಥಿಯೇ ನೇರ ಅರ್ಜಿ ಹಾಕಬಹುದು. ಭಾರತದವರು 2022ರ ನವೆಂಬರಿನಿಂದ ವೀಸಾಕ್ಕೆ ಮೊದಲು ಎಪಿಎಸ್ ಎಂಬ ಪರಿಶೀಲನೆ ಪತ್ರ ಪಡೆಯಬೇಕು. ಅದನ್ನೂ ತಾವೇ ಮಾಡಿಸಬಹುದು. ಕರ್ನಾಟಕದವರ ವೀಸಾ ನೋಡುವ ಜರ್ಮನ್ ಕಾನ್ಸುಲೇಟ್ ಬೆಂಗಳೂರಿನಲ್ಲೇ ಇದೆ. 'ನಾವೇ ಸೀಟು ಕೊಡಿಸ್ತೀವಿ' ಎಂದು ಲಕ್ಷ ಕೇಳುವವರು ಮಾರುವುದು ನಿಮ್ಮ ಗಾಬರಿಯನ್ನು.

ಓದು ಮುಗಿದ ಮೇಲೆ ತಕ್ಕ ಕೆಲಸ ಹುಡುಕಲು 18 ತಿಂಗಳ ಅವಕಾಶ ಎರಡೂ ಊರಿನವರಿಗೆ ಒಂದೇ. ಪಾಠ ಇಂಗ್ಲಿಷಿನಲ್ಲಿ ಆದರೂ ಕೆಲಸ ಸಿಗಲು ಜರ್ಮನ್ ಭಾಷೆ ಬೇಕು, ಇದೂ ಎರಡಕ್ಕೂ ಒಂದೇ. ಉಳಿದ ವ್ಯತ್ಯಾಸ ವಿಭಾಗದ್ದು ಮತ್ತು ಸಾಲದ್ದು.

ಮ್ಯೂನಿಕ್‌ನಲ್ಲಿ ಫೀ ಮಾಫಿ ಸಿಕ್ಕಿತೋ, ಅಥವಾ ಮನೆಯಲ್ಲಿ ದುಡ್ಡಿಗೆ ಕೊರತೆ ಇಲ್ಲವೋ, ಧಾರಾಳವಾಗಿ ಹೋಗಲಿ. ಇರೋದೊಂದು ಮನೆ, ಅದರ ಪತ್ರವನ್ನೇ ಇಡಬೇಕು ಅಂದರೆ, ಫೀ ಇಲ್ಲದ ಕೋರ್ಸು ಆಖೆನ್‌ನಲ್ಲಿ ಸಿಕ್ಕಿದ್ದರೆ, ಮೆಕ್ಯಾನಿಕಲ್ ಹುಡುಗನಿಗೆ ಅದೇ ವಾಸಿ. ಹದಿನೈದು ಲಕ್ಷದ ಸಾಲ ಕಡಿಮೆ ಇದ್ದವನು ಮೊದಲ ಕೆಲಸವನ್ನು ಗಾಬರಿಯಿಂದ ಒಪ್ಪಿಕೊಳ್ಳುವುದಿಲ್ಲ.

ಸೀಟು ಒಪ್ಪಿಕೊಳ್ಳುವ ಕೊನೇ ದಿನಾಂಕ ಪತ್ರದಲ್ಲೇ ಇರುತ್ತದೆ. ಅದಕ್ಕೆ ಮುಂಚೆ ಒಂದು ರಾತ್ರಿ ಶಟರ್ ಎಳೆದ ಮೇಲೆ ತಂದೆ, ತಾಯಿ, ಮಗ ಮೂವರೂ ಖಾತೆ ಪುಸ್ತಕ ಬಿಚ್ಚಿಕೊಂಡು ಕೂರಲಿ. ಪಕ್ಕದ ಅಂಗಡಿಯವರ ಮಗ ಎಲ್ಲಿಗೆ ಹೋದ ಎಂಬುದನ್ನು ಆ ಪುಸ್ತಕದಲ್ಲಿ ಬರೆಯಲು ಕಾಲಂ ಇಲ್ಲ.